‘ಇವರು ಈ ಊರಿನವರು’ ಎಂದು ಬರೆಯುವ ಕೆಲಸ

ನಾನು ಕೆಲಸಕ್ಕೆ ಸೇರಿದಾಗ ನನ್ನ ಹುದ್ದೆಯ ಹೆಸರು ಗ್ರಾಮ ಲೆಕ್ಕಿಗ. ನಿವೃತ್ತಿಯಾಗುವ ಹೊತ್ತಿಗೆ ಅದು ಗ್ರಾಮ ಆಡಳಿತ ಅಧಿಕಾರಿ ಎಂದಾಗಿತ್ತು. ಹಳ್ಳಿಯವರು ಎರಡನ್ನೂ ಕಿವಿಗೆ ಹಾಕಿಕೊಳ್ಳದೆ ಕೊನೆಯವರೆಗೂ ನನ್ನನ್ನು ಶಾನುಬೋಗ್ರಮ್ಮ ಎಂದೇ ಕರೆದರು. ಶಾನುಭೋಗಿಕೆ ರದ್ದಾಗಿ ಎಷ್ಟೋ ಕಾಲವಾಗಿತ್ತು. ಆದರೆ ಸರ್ಕಾರ ರದ್ದು ಮಾಡಿದ್ದನ್ನೆಲ್ಲ ಹಳ್ಳಿಯವರೂ ರದ್ದು ಮಾಡಬೇಕೆಂದು ಯಾವ ಕಾನೂನೂ ಇಲ್ಲವಲ್ಲ.

ಈಗ ನನ್ನ ಅಕ್ಕನ ಮಗಳು ಶ್ವೇತ ಇದೇ ಕೆಲಸಕ್ಕೆ ಆಯ್ಕೆಯಾಗಿದ್ದಾಳೆ. ಅವಳಿಗೆ ತರಬೇತಿ ಆಗಿದೆ, ಕೈಗೊಂದು ಲ್ಯಾಪ್‌ಟಾಪ್ ಬಂದಿದೆ. ಮೊನ್ನೆ ಹೊಳೇನರಸೀಪುರದ ನಮ್ಮ ಮನೆಗೆ ಬಂದವಳು, ಚಿಕ್ಕಮ್ಮ, ತರಬೇತಿಯಲ್ಲಿ ಎಲ್ಲ ಹೇಳಿದರು, ಆದರೆ ನಿಜವಾಗಿ ಏನು ಮಾಡಬೇಕು ಅಂತ ಮಾತ್ರ ಹೇಳಲಿಲ್ಲ ಎಂದಳು. ಬಾಯಲ್ಲಿ ಹೇಳಲು ಹೋದರೆ ನಾನು ದಾರಿ ತಪ್ಪುತ್ತೇನೆ, ಮಧ್ಯೆ ಯಾರನ್ನಾದರೂ ಬೈಯುತ್ತೇನೆ. ಅದಕ್ಕೇ ಬರೆಯಲು ಕೂತಿದ್ದೇನೆ. ಬಡ್ತಿಯ ಸಂಗತಿ ಬರೆಯುವುದಿಲ್ಲ. ಸಿಕ್ಕಿದ್ದೇ ಒಂದು, ಅದೂ ನಿವೃತ್ತಿಗೆ ಎರಡು ವರ್ಷ ಇರುವಾಗ. ಅದರಿಂದ ಬಂದ ಲಾಭವೆಂದರೆ ಹಾಸನದ ಕಚೇರಿಯಲ್ಲಿ ಫ್ಯಾನಿನ ಗಾಳಿ ಬಾರದ ಮೂಲೆಯ ಒಂದು ಮೇಜು.

ನಮ್ಮ ಕೆಲಸ ಏನು ಅಂದರೆ, ಇರುವವರನ್ನು ಇದ್ದಾರೆ ಎಂದು ಬರೆಯುವುದು. ಕೇಳಲು ಸುಲಭ. ಒಬ್ಬ ಮನುಷ್ಯ ನಮ್ಮ ಮುಂದೆ ನಿಂತು ಮಾತಾಡುತ್ತಿರುತ್ತಾನೆ, ಬೀಡಿಯ ಹೊಗೆಯನ್ನೂ ನಮ್ಮ ಮುಖಕ್ಕೇ ಬಿಡುತ್ತಿರುತ್ತಾನೆ. ಆದರೂ ಅವನು ಇದ್ದಾನೆ, ಇಲ್ಲೇ ಇದ್ದಾನೆ, ಇಲ್ಲಿಯವನೇ ಆಗಿದ್ದಾನೆ ಎಂದು ನಾವು ಬರೆದುಕೊಡುವ ತನಕ ಸರ್ಕಾರದ ಪಾಲಿಗೆ ಅವನು ಗಾಳಿ. ಹಾಗೆ ಬರೆಯುವ ಮುಂಚೆ ಸ್ಥಳಕ್ಕೆ ಹೋಗಬೇಕು, ಅಕ್ಕಪಕ್ಕದ ನಾಲ್ಕೈದು ಜನರನ್ನು ಕೂರಿಸಿಕೊಂಡು ಕೇಳಬೇಕು, ಅವರು ಹೇಳಿದ್ದನ್ನು ಬರೆದು ಅವರ ಸಹಿ ಪಡೆಯಬೇಕು. ಈ ಕಾಗದಕ್ಕೆ ಮಹಜರು ಎನ್ನುತ್ತಾರೆ. ಸಹಿ ಹಾಕುವವರು ಪಂಚರು. ಶ್ವೇತ, ನಿನ್ನ ಲ್ಯಾಪ್‌ಟಾಪ್ ಏನೇ ಮಾಡಲಿ, ಪಂಚರನ್ನು ಒಂದು ಕಡೆ ಕೂರಿಸಲು ಅದಕ್ಕೆ ಬರುವುದಿಲ್ಲ.

ನನ್ನ ಮೊದಲ ಎಡವಟ್ಟು ಆದದ್ದು ದಂಡಿಗನಹಳ್ಳಿ ಹೋಬಳಿಯಲ್ಲಿ. ಒಂದು ಹಳ್ಳಿಯ ಒಂದು ಬೀದಿಯಲ್ಲಿ ಯಾರ್ಯಾರು ವಾಸವಿದ್ದಾರೆ ಎಂದು ವರದಿ ಮಾಡಬೇಕಿತ್ತು. ನಾನು ಹೊಸಬಳು, ಕೈಯಲ್ಲಿ ಹೊಸ ಪೆನ್ನು. ಪ್ರತಿ ಮನೆಯ ಮುಂದೆ ನಿಂತು, ನಿಮ್ಮದು ಯಾವ ಊರು ಎಂದು ಶಿಸ್ತಾಗಿ ಕೇಳಿದೆ. ಮೊದಲ ಮನೆಯ ಯಜಮಾನರು, ನಮ್ಮದು ಬಾಗೂರು ಎಂದರು. ಮನೆದೇವರು ಅಲ್ಲಿದೆಯಂತೆ, ಮುತ್ತಾತ ಅಲ್ಲಿಂದ ಬಂದವರಂತೆ. ಎರಡನೇ ಮನೆಯ ಅಜ್ಜಿ ಮದುವೆಯಾಗಿ ಬಂದು ಐವತ್ತು ವರ್ಷವಾಗಿದ್ದರೂ ತವರಿನ ಹೆಸರನ್ನೇ ಹೇಳಿದರು. ಮೂರನೆಯವರು ಹೊಳೇನರಸೀಪುರದ ಕಡೆಯವರಂತೆ. ಬೀದಿ ಮುಗಿಯುವವರೆಗೂ ಹೀಗೇ. ನಾನು ಒಂದಕ್ಷರ ಬಿಡದೆ ಬರೆದುಕೊಂಡು ಬಂದು, ಸದರಿ ಬೀದಿಯಲ್ಲಿ ಸದರಿ ಗ್ರಾಮದವರು ಯಾರೂ ವಾಸವಿರುವುದಿಲ್ಲ ಎಂದು ಕೊನೆಗೆ ಒಂದು ಗೆರೆ ಸೇರಿಸಿ ವರದಿ ಒಪ್ಪಿಸಿದೆ.

ಆಗ ನಮ್ಮ ಮೇಲಿದ್ದ ರೆವಿನ್ಯೂ ಇನ್ಸ್‌ಪೆಕ್ಟರು ರಂಗಸ್ವಾಮಿಯವರು. ಚನ್ನರಾಯಪಟ್ಟಣದ ಕಚೇರಿಯಲ್ಲಿ ಅವರಿಗೆ ಹೆದರದವರಿರಲಿಲ್ಲ. ವರದಿ ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಏನಮ್ಮ, ಇಡೀ ಬೀದೀಲಿ ಊರಿನೋರು ಒಬ್ಬರೂ ಇಲ್ವಾ? ಅಂಗಾದ್ರೆ ಆ ಊರು ಯಾರ್ದು, ಕಾಗೆಗಳ್ದಾ?”

ಕಚೇರಿಗೆ ಕಚೇರಿಯೇ ನಕ್ಕಿತು. ನಾನು ಅಳುವುದೊಂದು ಬಾಕಿ. ಆಮೇಲೆ ಅವರೇ ಟೀ ತರಿಸಿ ಪಾಠ ಹೇಳಿದರು. ಈ ಸೀಮೆಯಲ್ಲಿ ಯಾವೂರು ಎಂದು ಕೇಳಿದರೆ ಜನ ತಮ್ಮ ಬೇರು ಎಲ್ಲಿದೆ ಎಂದು ಹೇಳುತ್ತಾರೆ, ರೆಂಬೆ ಎಲ್ಲಿದೆ ಎಂದು ನಾವೇ ನೋಡಿಕೊಳ್ಳಬೇಕು. ಕೇಳಬೇಕಾದದ್ದು, ಹೋದ ವರ್ಷ ಈ ಬೀದಿಯಲ್ಲಿ ಯಾರ ಮನೆಯ ಸಾವಿಗೆ ಹೋಗಿದ್ದಿರಿ ಎಂದು. ಹೆಗಲು ಕೊಟ್ಟವನು ಊರಿನವನು, ಬರೆದುಕೋ ಎಂದರು. ಅವರು ಹೇಳಿದ್ದು ಎಷ್ಟು ಸರಿ ಎಂದು ಆಗ ಗೊತ್ತಾಗಲಿಲ್ಲ. ನಗೆಪಾಟಲಾದ ಅವಮಾನದಲ್ಲಿ ಪಾಠ ಅರ್ಧ ಮಾತ್ರ ಒಳಗೆ ಇಳಿಯಿತು. ಮುಂದೆ ಇದೇ ತಪ್ಪನ್ನು ಇನ್ನೂ ದೊಡ್ಡದಾಗಿ ಮಾಡಿದೆ, ಅದನ್ನೇ ಹೇಳಲು ಹೊರಟಿರುವುದು. ಅದಕ್ಕೆ ಮುಂಚೆ ಕೆರೆಯ ಏರಿಯ ಪ್ರಸಂಗ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮರೆಯುತ್ತೇನೆ.

ಬಾಗೂರಿನ ಆಚೆಯ ಒಂದು ಹಳ್ಳಿಯಲ್ಲಿದ್ದಾಗ ಮೊಬೈಲಿನಲ್ಲಿ ವಿಚಾರಣೆ ಮಾಡುವ ಪದ್ಧತಿ ಬಂತು. ಅರ್ಜಿದಾರರನ್ನು ಅವರ ಮನೆಯ ಮುಂದೆ ನಿಲ್ಲಿಸಿ ಫೋಟೋ ತೆಗೆಯಬೇಕು, ಜಾಗ ಎಲ್ಲಿ ಎಂದು ಫೋನು ತಾನೇ ಬರೆದುಕೊಳ್ಳುತ್ತದೆ. ಆ ಊರಿನಲ್ಲಿ ನೆಟ್‌ವರ್ಕ್ ಸಿಗುತ್ತಿದ್ದದ್ದು ಕೆರೆಯ ಏರಿಯ ಮೇಲೆ ಮಾತ್ರ. ನಾನು ಬುದ್ಧಿವಂತಿಕೆ ಮಾಡಿ ಹದಿನೇಳು ಮನೆಯವರನ್ನೂ ಏರಿಯ ಮೇಲೆ ಸಾಲಾಗಿ ನಿಲ್ಲಿಸಿ ಒಂದೇ ಬೆಳಿಗ್ಗೆ ಕೆಲಸ ಮುಗಿಸಿದೆ. ಹೆಂಗಸರು ಹೂ ಮುಡಿದು ಬಂದಿದ್ದರು, ಫೋಟೋಗಳು ಬಹಳ ಚೆನ್ನಾಗಿ ಬಂದವು. ಮೂರು ತಿಂಗಳ ಮೇಲೆ ಹದಿನೇಳು ಮನೆಗೂ ನೋಟೀಸು ಬಂತು, ಕೆರೆ ಒತ್ತುವರಿ ಮಾಡಿ ವಾಸವಿರುವುದು ಕಂಡುಬಂದಿದೆ ಎಂದು. ಅದನ್ನು ಸರಿಪಡಿಸಲು ನಾನು ಬರೆದ ಸಮಜಾಯಿಷಿ ಪತ್ರಗಳನ್ನು ಒಂದರ ಮೇಲೊಂದು ಇಟ್ಟಿದ್ದರೆ ಅದೇ ಇನ್ನೊಂದು ಏರಿಯಾಗುತ್ತಿತ್ತು. ಊರಿನವರು ಮಾತ್ರ ಬೇಸರ ಮಾಡಿಕೊಳ್ಳಲಿಲ್ಲ. ಮೇಡಮ್ಮೋರೆ, ಈ ಸಲ ಕೆರೆ ತುಂಬಿದರೆ ನಮ್ಮನ್ನು ಎಲ್ಲಿಗೆ ಕಳಿಸುತ್ತೀರಿ ಎಂದು ನಾನು ಬಸ್ಸು ಇಳಿದಾಗಲೆಲ್ಲ ಕೇಳುತ್ತಿದ್ದರು.

ಈಗ ಅಸಲು ಸಂಗತಿ. ಅರಕಲಗೂಡು ತಾಲ್ಲೂಕಿಗೆ ವರ್ಗವಾಗಿ ಹೋದೆ. ಅಲ್ಲಿ ನನ್ನ ಪಾಲಿಗಿದ್ದ ಹಳ್ಳಿಗಳಲ್ಲಿ ಒಂದನ್ನು ಕೊಪ್ಪಲು ಎಂದು ಕರೆಯೋಣ. ನಿಜವಾದ ಹೆಸರು ಬರೆದರೆ ಅಲ್ಲಿಯವರು ಜಗಳಕ್ಕೆ ಬರುತ್ತಾರೆ, ಬಂದವರು ಊಟ ಮಾಡಿಕೊಂಡೇ ಹೋಗುತ್ತಾರೆ.

ಕೊಪ್ಪಲಿನ ಕೊನೆಯಲ್ಲಿ, ದನ ಮೇಯುವ ಗೋಮಾಳದ ಅಂಚಿಗೆ, ಯಲ್ಲಪ್ಪ ಎಂಬವರ ಮನೆ. ಅವರು ಕಲ್ಲಿನ ಕೆಲಸದವರು. ಒಂದು ಕಾಲದಲ್ಲಿ ಊರೂರು ಸುತ್ತಿ ಒರಳು, ಬೀಸುವ ಕಲ್ಲು ಕುಟ್ಟಿಕೊಡುತ್ತಿದ್ದರು. ಮನೆಮನೆಗೆ ಮಿಕ್ಸಿ ಬಂದ ಮೇಲೆ ಬೇಲಿಯ ಕಂಬ, ಮನೆಯ ಪಾಯದ ಕಲ್ಲು ಎಂದು ಬದುಕುತ್ತಿದ್ದರು. ಅವರ ಒಬ್ಬಳೇ ಮಗಳು ರೇಣುಕ. ಗಡಿ ಕಾಯುವ ಪಡೆಗೆ ಆಯ್ಕೆಯಾಗಿದ್ದಳು. ತರಬೇತಿಗೆ ಹೊರಡುವ ಮುಂಚೆ ವಾಸಸ್ಥಳದ ಪ್ರಮಾಣಪತ್ರ ಬೇಕು ಎಂದು ಅರ್ಜಿ ಹಾಕಿದಳು. ಅರ್ಜಿ ನನ್ನ ಬಳಿಗೆ ವಿಚಾರಣೆಗೆ ಬಂತು.

ಹೋದೆ. ರೇಣುಕ ಮನೆಯಲ್ಲಿರಲಿಲ್ಲ. ಯಲ್ಲಪ್ಪ ಕಲ್ಲಿನ ಮೇಲೆ ಕೂತಿದ್ದರು. ನನ್ನ ಬಾಯಿಗೆ ಏನು ಬಂದಿತ್ತೋ, ಅಷ್ಟು ವರ್ಷ ಆದ ಮೇಲೂ ಅದೇ ಪ್ರಶ್ನೆ ಕೇಳಿದೆ, ನಿಮ್ಮದು ಯಾವೂರು ಎಂದು. ಅವರು ಸುತ್ತಿಗೆ ಕೆಳಗಿಟ್ಟು ಯೋಚನೆ ಮಾಡಿ ಹೇಳಿದರು, “ನಮ್ಗೆಲ್ಲಿ ಊರು ಕಣವ್ವ. ಕಲ್ಲಿರೋ ತಾವೇ ಊರು.” ಪ್ರಾಮಾಣಿಕ ಮನುಷ್ಯ. ನಾನೂ ಪ್ರಾಮಾಣಿಕಳೇ, ಅದೇ ತೊಂದರೆ. ಅವಸರದಲ್ಲಿದ್ದೆ, ಇನ್ನೂ ನಾಲ್ಕು ಹಳ್ಳಿ ಬಾಕಿ ಇದ್ದವು. ಅರ್ಜಿದಾರರ ಕುಟುಂಬಕ್ಕೆ ಖಾಯಂ ಊರು ಇಲ್ಲವೆಂದು ತಿಳಿದುಬಂದಿದೆ ಎಂದು ಬರೆದು ಕಳಿಸಿಬಿಟ್ಟೆ. ಅರ್ಜಿ ತಿರಸ್ಕೃತವಾಯಿತು.

ಮರುವಾರ ರೇಣುಕ ಕಚೇರಿಗೆ ಬಂದಳು. ಗಟ್ಟಿ ಮೈಕಟ್ಟು, ಎಣ್ಣೆ ಹಚ್ಚಿ ಬಿಗಿದ ಜಡೆ. ಅಳಲಿಲ್ಲ, ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು, ನಾನೂ ಕೂಗಾಡಬಹುದಿತ್ತು.

“ಬಾರ್ಡರ್ ತಾವ ನಿಂತ್ಕಂಡು ದೇಸ ಕಾಯಕ್ಕೆ ನಾನಾಯ್ತೀನಂತೆ ಮೇಡಂ. ಆ ದೇಸದಾಗೆ ನಮ್ಮನೆ ಎಲ್ಲದೆ ಅಂತ ಬರೆಯಕ್ಕೆ ನಿಮ್ಗಾಗಕಿಲ್ವಾ?”

ಅವಳನ್ನು ಕೂರಿಸಿ ಕಾಗದಗಳನ್ನೆಲ್ಲ ನೋಡಿದೆ. ಐದನೇ ತರಗತಿಯಿಂದ ಹೊಳೇನರಸೀಪುರದ ಹಾಸ್ಟೆಲಿನಲ್ಲಿ ಓದಿದ ಹುಡುಗಿ. ಶಾಲೆಯ ದಾಖಲೆ ಅಲ್ಲಿಯದು, ಆಧಾರಿನಲ್ಲಿ ಹಾಸ್ಟೆಲಿನ ವಿಳಾಸ. ಅಪ್ಪನ ರೇಷನ್ ಕಾರ್ಡು ಬೆರಳಚ್ಚು ಹೊಂದದೆ ನಿಂತುಹೋಗಿತ್ತು. ಕಲ್ಲು ಕುಟ್ಟಿ ಕುಟ್ಟಿ ಆ ಮನುಷ್ಯನ ಹೆಬ್ಬೆಟ್ಟಿನ ಗೆರೆಗಳೇ ಸವೆದಿದ್ದವು. ಮನೆಗೆ ಹಕ್ಕುಪತ್ರವಿಲ್ಲ, ಏಕೆಂದರೆ ಜಾಗ ಗೋಮಾಳದ್ದು. ಉಳಿದದ್ದು ಒಂದೇ ದಾರಿ, ಹೊಸದಾಗಿ ಮಹಜರು ಮಾಡಿ ಪಂಚರ ಸಹಿ ತರುವುದು. ಆವತ್ತು ಶುಕ್ರವಾರ. ಸೋಮವಾರ ಯುಗಾದಿ. ಗುರುವಾರ ಬೆಳಿಗ್ಗೆ ಅವಳು ಕಾಗದದೊಂದಿಗೆ ರೈಲು ಹತ್ತದಿದ್ದರೆ ಅವಳ ಜಾಗ ಪಟ್ಟಿಯ ಮುಂದಿನವರಿಗೆ ಹೋಗುತ್ತಿತ್ತು.

ಶನಿವಾರ ಕೊಪ್ಪಲಿಗೆ ಹೋದೆ. ಯಲ್ಲಪ್ಪ ನಿಮ್ಮೂರಿನವರೇ ಎಂದು ಮನೆಮನೆಯಲ್ಲೂ ಕೇಳಿದೆ. ಎಲ್ಲರೂ ಹೌದು ಅಂದರು. ಬಚ್ಚಲು ಕಲ್ಲು ಹಾಸಿದ್ದು ಅವನೇ, ದೇವಸ್ಥಾನದ ಮೆಟ್ಟಿಲು ಕಡಿದದ್ದೂ ಅವನೇ, ಅವನು ನಮ್ಮೂರಿನವನಲ್ಲದೆ ಇನ್ಯಾರು ಎಂದು ನನಗೇ ತಿರುಗಿ ಕೇಳಿದರು. ಸರಿ, ಹಾಗಾದರೆ ಇಲ್ಲಿ ಸಹಿ ಹಾಕಿ ಎಂದು ಕಾಗದ ಚಾಚಿದರೆ ಒಬ್ಬರಿಗೆ ಕನ್ನಡಕ ಇಲ್ಲ, ಇನ್ನೊಬ್ಬರಿಗೆ ಹಸು ಕರೆಯುವ ಹೊತ್ತು, ಮತ್ತೊಬ್ಬರಿಗೆ ಇದ್ದಕ್ಕಿದ್ದಂತೆ ಕೈ ನೋವು. ಕೊನೆಗೆ ಪಂಚಾಯಿತಿ ಸದಸ್ಯ ಪುಟ್ಟಸ್ವಾಮಿ ಸತ್ಯ ಬಿಚ್ಚಿ ಹೇಳಿದರು. “ಊರೋನೇ ಕಣಕ್ಕ, ಇಲ್ಲ ಅಂದೋರ್ಯಾರು? ಆದ್ರೆ ಬರ್ದು ಕೊಡಕಾಗಕಿಲ್ಲ.” ಬರೆದುಕೊಟ್ಟರೆ ನಾಳೆ ಗೋಮಾಳವೇ ಅವನದಾಗುತ್ತದೆ ಎಂಬ ಭಯ. ಇದು ವಾಸದ ಕಾಗದ, ಜಮೀನಿಗೆ ಸಂಬಂಧವಿಲ್ಲ ಎಂದು ಗಂಟಲು ಹರಿದುಕೊಂಡೆ. ಸರ್ಕಾರದವರ ಮಾತನ್ನು ನಂಬಿ ಯಾರೂ ಕೆಟ್ಟಿಲ್ಲ, ಏಕೆಂದರೆ ಯಾರೂ ನಂಬುವುದೇ ಇಲ್ಲ. ಬರಿಗೈಯಲ್ಲಿ ವಾಪಸು ಬಂದೆ.

ಮಂಗಳವಾರ ಮತ್ತೆ ಹೊರಟೆ. ಯುಗಾದಿಯ ಮಾರನೆಯ ದಿನ ನಮ್ಮ ಕಡೆ ವರ್ಷತೊಡಕು. ಹಿಂದಿನ ದಿನ ಒಬ್ಬಟ್ಟು ತಿಂದ ಬಾಯಿಗೆ ಅವತ್ತು ಬಾಡೂಟ ಬೀಳಲೇಬೇಕು. ಆ ದಿನ ಹಳ್ಳಿಗೆ ಮಹಜರಿಗೆಂದು ಹೋಗುವವರು ಒಂದೋ ಹೊಸಬರು, ಒಂದೋ ಹುಚ್ಚರು. ನಾನು ಹೊಸಬಳಂತೂ ಆಗಿರಲಿಲ್ಲ.

ಊರಿನ ಬೀದಿಗಳಲ್ಲಿ ನರಪಿಳ್ಳೆ ಇರಲಿಲ್ಲ. ಎಲ್ಲರೂ ಅರಳಿಕಟ್ಟೆಯ ಹಿಂದಿನ ಬಯಲಿನಲ್ಲಿ ಸೇರಿದ್ದರು. ಊರಿನವರೆಲ್ಲ ಒಟ್ಟಾಗಿ ಕುರಿಗಳನ್ನು ತಂದು ಕಡಿದು, ದೊಡ್ಡ ಟಾರ್ಪಾಲಿನ ಮೇಲೆ ಮನೆಗೊಂದರಂತೆ ಮಾಂಸದ ಗುಡ್ಡೆ ಹಾಕುತ್ತಿದ್ದರು. ಇದನ್ನು ನೋಡದವರಿಗೆ ಹೇಳುತ್ತೇನೆ. ತೊಡೆಯ ತುಂಡು ಒಂದು ಗುಡ್ಡೆಗೆ ಬಿದ್ದರೆ ಎಲ್ಲ ಗುಡ್ಡೆಗೂ ಬೀಳಬೇಕು. ಈಲಿ, ಅಂದರೆ ಲಿವರಿನ ಚೂರು, ಉಗುರಿನಷ್ಟೇ ಆಗಲಿ, ಎಲ್ಲರಿಗೂ ಬರಬೇಕು. ಹತ್ತು ಎಕರೆಯವನಿಗೂ ಕೂಲಿಯವನಿಗೂ ಒಂದೇ ಗುಡ್ಡೆ. ಕೊಪ್ಪಲಿನಲ್ಲಿ ಇದರ ಯಜಮಾನಿಕೆ ಚಿಕ್ಕೇಗೌಡ ಎಂಬ ಹಿರಿಯರದು. ತಕ್ಕಡಿ ಮುಟ್ಟುವವರಲ್ಲ, ಕಣ್ಣಳತೆಯಲ್ಲೇ ಹಂಚುತ್ತಿದ್ದರು. ಪಕ್ಕದಲ್ಲೊಂದು ಹಳೆಯ ನೋಟ್‌ಬುಕ್ಕು. ಅದರಲ್ಲಿದ್ದ ಕ್ರಮದಂತೆ ಹೆಸರು ಕೂಗಿದರೆ ಆ ಮನೆಯವರು ಪಾತ್ರೆ ತಂದು ತಮ್ಮ ಗುಡ್ಡೆ ಎತ್ತಿಕೊಳ್ಳಬೇಕು.

ಎಲ್ಲರಿಗೂ ಒಂದೇ ಗುಡ್ಡೆ ಎಂದೆನಲ್ಲ, ಪೂರ್ತಿ ನಿಜ ಅಲ್ಲ. ದಲಿತರ ಕಾಲೋನಿಯವರು ತಮ್ಮದೇ ಕುರಿ ತಂದು ತಮ್ಮ ಬೀದಿಯಲ್ಲೇ ಬೇರೆ ಗುಡ್ಡೆ ಹಾಕಿಕೊಳ್ಳುತ್ತಿದ್ದರು. ಎರಡು ಟಾರ್ಪಾಲಿನ ನಡುವೆ ಒಂದು ಕೂಗಳತೆ ದೂರ. ಇದನ್ನು ಯಾವ ನಮೂನೆಯಲ್ಲೂ ನಾನು ಬರೆಯಲಿಲ್ಲ, ಅದಕ್ಕೆ ಅಂಕಣವಿರಲಿಲ್ಲ. ಶ್ವೇತ, ನೀನು ಹೋದಾಗ ಆ ದೂರವನ್ನೂ ಕಣ್ಣಿಟ್ಟು ನೋಡು. ನೋಡಿಯೂ ಸುಮ್ಮನಿದ್ದೆ ಎಂಬುದು ನನಗೆ ಈಗಲೂ ಸಂಕಟ.

ಪಾತ್ರೆ ಹಿಡಿದು ನಿಂತವರ ಸಾಲಿನಲ್ಲಿ ಯಲ್ಲಪ್ಪನ ಹೆಂಡತಿಯೂ ಇದ್ದರು. ಅದನ್ನು ಕಂಡೊಡನೆ ನನಗೆ ಮೈಯೆಲ್ಲ ಎಚ್ಚರವಾಯಿತು. ನೇರವಾಗಿ ಚಿಕ್ಕೇಗೌಡರ ಬಳಿ ಹೋಗಿ ನೋಟ್‌ಬುಕ್ಕು ಕೇಳಿದೆ. ರಕ್ತದ ಕೈಯಲ್ಲಿ ಕೊಡಲೋ ಬೇಡವೋ ಎಂದು ನೋಡಿ, ಮೊಣಕೈಯಿಂದಲೇ ನನ್ನ ಕಡೆ ತಳ್ಳಿದರು. ವರ್ಷಕ್ಕೊಂದು ಪುಟ. ಇಪ್ಪತ್ತಾರು ಪುಟಗಳ ಹಿಂದೆ, ಪಟ್ಟಿಯ ತುದಿಯಲ್ಲಿ, ಒಂದು ಗೆರೆ ಜಾಗ ಬಿಟ್ಟು, ಕಲ್ಲು ಕುಟ್ಟೋನು ಎಂದು ಬರೆದಿತ್ತು. ಐದಾರು ವರ್ಷ ಹಾಗೇ ಇತ್ತು. ಆಮೇಲೆ ಯಲ್ಲ ಎಂದಾಯಿತು. ಇನ್ನಷ್ಟು ವರ್ಷ ಕಳೆದ ಮೇಲೆ ಯಲ್ಲಪ್ಪ. ನಡುವೆ ಬಿಟ್ಟ ಜಾಗ ಎಲ್ಲೋ ಮಾಯವಾಗಿ, ಕೊನೆಯ ಪುಟಗಳಲ್ಲಿ ಅವರ ಹೆಸರು ಪುಟ್ಟಸ್ವಾಮಿಯ ಹೆಸರಿನ ಪಕ್ಕದಲ್ಲೇ ಇತ್ತು. ಮೂವತ್ತು ವರ್ಷ ನಾನು ಎಷ್ಟೋ ದಾಖಲೆ ನೋಡಿದ್ದೇನೆ. ಮನುಷ್ಯನೊಬ್ಬ ಒಂದು ಊರಿಗೆ ಸೇರುವುದನ್ನು ಇಷ್ಟು ಸ್ಪಷ್ಟವಾಗಿ ಬರೆದ ದಾಖಲೆ ಇನ್ನೊಂದು ಕಂಡಿಲ್ಲ.

ಆಮೇಲೆ ನಾನು ಮಾಡಿದ್ದು ಯಾವ ಕಾಯ್ದೆಯಲ್ಲೂ ಇಲ್ಲ. ಟಾರ್ಪಾಲಿನ ಅಂಚಿಗೆ ಒಂದು ಕಲ್ಲು ಎಳೆದುಕೊಂಡು ಕೂತು, ಮಹಜರು ಮುಗಿಯುವ ತನಕ ಯಾರೂ ಗುಡ್ಡೆ ಎತ್ತಬೇಡಿ, ಇದು ಸರ್ಕಾರಿ ವಿಚಾರಣೆ ಎಂದೆ. ನನಗೆ ಆ ಅಧಿಕಾರ ಇದೆಯೋ ಇಲ್ಲವೋ ಎಂದು ವಾದ ಮಾಡಲು ಅವರಿಗೆ ಪುರಸೊತ್ತಿರಲಿಲ್ಲ. ಮನೆಯಲ್ಲಿ ಮಸಾಲೆ ಅರೆದು ಒಲೆ ಹಚ್ಚಿಟ್ಟು ಬಂದಿದ್ದರು. ಹೆಂಗಸರೇ ಗಂಡಂದಿರ ಬೆನ್ನಿಗೆ ತಿವಿಯತೊಡಗಿದರು. ಪುಟ್ಟಸ್ವಾಮಿ ಮಾತ್ರ ಗೋಮಾಳದ ರಾಗ ಮತ್ತೆ ತೆಗೆದರು. ಚಿಕ್ಕೇಗೌಡರು ಮಚ್ಚು ಕೆಳಗಿಟ್ಟು ಎದ್ದು ನಿಂತರು.

“ಲೇ ಪುಟ್ಟಸ್ವಾಮಿ, ಇಪ್ಪತ್ತಾರು ವರ್ಸದಿಂದ ಗುಡ್ಡೆ ಆಕಿವ್ನಿ. ಅವನ ಪಾಲು ಒಂದು ತುಂಡು ಕಮ್ಮಿ ಆಕಿಲ್ಲ, ಒಂದು ತುಂಡು ಎಚ್ಚು ಆಕಿಲ್ಲ. ಬ್ಯಾರೆ ಊರೋನಿಗೆ ನೀರು ಕೊಟ್ಟೇವು, ಊಟ ಇಕ್ಕೇವು. ಗುಡ್ಡೆ ಕೊಟ್ಟೇವೇನ್ಲಾ? ಕೊಡವ್ವ ಆ ಕಾಗ್ದವ, ಮೊದ್ಲು ನಂದೇ ಆಕ್ತೀನಿ.”

ಜಮೀನಿನ ಹಕ್ಕಿಗೆ ಇದು ಅನ್ವಯಿಸುವುದಿಲ್ಲ ಎಂದು ದಪ್ಪ ಅಕ್ಷರದಲ್ಲಿ ಒಂದು ಗೆರೆ ಸೇರಿಸಿದೆ. ಹತ್ತು ನಿಮಿಷದಲ್ಲಿ ಹನ್ನೊಂದು ಸಹಿ ಬಿದ್ದವು, ಬೇಕಾಗಿದ್ದದ್ದು ಐದು. ಪುಟ್ಟಸ್ವಾಮಿಯದೂ ಇತ್ತು. ಹೊರಡುವಾಗ ಚಿಕ್ಕೇಗೌಡರು ನನಗೂ ಎಲೆಯಲ್ಲಿ ಒಂದು ಪಾಲು ಕಟ್ಟಿಸಲು ಬಂದರು. ಪಟ್ಟಿಯಲ್ಲಿ ನನ್ನ ಹೆಸರಿಲ್ಲ ಎಂದು ಹೇಳಿ ಬೇಡವೆಂದೆ. ಮನೆಗೆ ಹೋಗಿ ಹಿಂದಿನ ದಿನದ ಒಬ್ಬಟ್ಟು ತಿನ್ನುವಾಗ ಬಹಳ ಪಶ್ಚಾತ್ತಾಪವಾಯಿತು.

ಬುಧವಾರ ತಹಸೀಲ್ದಾರರ ಮುಂದೆ ಮಹಜರು ಇಟ್ಟೆ. ಅವರು ಮೊಟ್ಟೆಯನ್ನೂ ಮುಟ್ಟದವರು. ಕಾಗದದ ಮೇಲಿನ ಕಲೆಗಳನ್ನು ನೋಡಿ ಇದೇನು ಎಂದರು. ಎಲ್ಲವನ್ನೂ ಹೇಳಿದೆ. ಕಾಗದವನ್ನು ಎರಡು ಬೆರಳಿನಲ್ಲಿ ಮೂಲೆ ಹಿಡಿದು, ಮೂಗಿನಿಂದ ದೂರವಿಟ್ಟುಕೊಂಡು ಕೊನೆಯ ಗೆರೆಯವರೆಗೂ ಓದಿದರು. ಯಾವ ನಿಯಮದಲ್ಲಿ ಇದನ್ನು ಸಾಕ್ಷಿ ಎಂದು ತೆಗೆದುಕೊಳ್ಳಲಿ ಎಂದರು. ಸ್ಥಳೀಯ ವಿಚಾರಣೆ ಅಂತ ನಿಯಮದಲ್ಲಿದೆ ಸರ್, ಇದಕ್ಕಿಂತ ಸ್ಥಳೀಯವಾದದ್ದು ನನಗೆ ಸಿಗಲಿಲ್ಲ ಎಂದೆ. ನಗದೇ ಇರಲು ಅವರು ಬಹಳ ಕಷ್ಟಪಟ್ಟರು. ಮೂರು ಗಂಟೆಗೆ ಪ್ರಮಾಣಪತ್ರ ಪ್ರಿಂಟಾಗಿ ಬಂತು, ಗುರುವಾರ ರೇಣುಕ ರೈಲು ಹತ್ತಿದಳು. ನನ್ನ ತಪ್ಪಿನಿಂದ ಒಂದು ಹುಡುಗಿಯ ಬದುಕು ಕೆಡುವುದರಲ್ಲಿತ್ತು. ಅದು ತಪ್ಪಿದ್ದಕ್ಕೆ ನನಗಾದ ಸಮಾಧಾನ ಯಾವ ಬಡ್ತಿಯಲ್ಲೂ ಆಗಲಿಲ್ಲ.

ಎರಡು ವರ್ಷ ಕಳೆಯಿತು. ಕೊಪ್ಪಲಿನಿಂದ ಇನ್ನೊಂದು ಅರ್ಜಿ ಬಂತು. ರಾಯಚೂರಿನ ಕಡೆಯ ಒಬ್ಬ ಗಾರೆ ಕೆಲಸದವನು ಹೆಂಡತಿ ಮಕ್ಕಳೊಂದಿಗೆ ಬಂದು ನೆಲೆಸಿದ್ದ, ಶರಣಪ್ಪ ಎಂದು ಹೆಸರು. ಮಗಳಿಗೆ ವಸತಿ ಶಾಲೆಯ ಸೀಟಿಗೆ ವಾಸದ ಕಾಗದ ಬೇಕಿತ್ತು. ಪಂಚರು ಯಾರಾದರೂ ಬನ್ನಿ ಎಂದು ಕಟ್ಟೆಯ ಮೇಲೆ ಕೂತು ಕರೆದೆ. ನಾಲ್ವರು ಬಂದರು. ಐದನೆಯವರು ಯಾರು ಎಂದು ನಾನು ಕೇಳಿದಾಗ ಸ್ವತಃ ಪುಟ್ಟಸ್ವಾಮಿ, ಯಲ್ಲಪ್ಪನನ್ನು ಕರೆಯಿರಿ, ಇಬ್ಬರೂ ಒಂದೇ ಕಡೆ ಕೆಲಸ ಮಾಡುವವರು, ಅವನಿಗೇ ಚೆನ್ನಾಗಿ ಗೊತ್ತು ಎಂದರು.

ಯಲ್ಲಪ್ಪ ಬಂದರು. ಒಗೆದ ಪಂಚೆ, ಹೆಗಲ ಮೇಲೆ ಟವೆಲ್ಲು. ಮಗಳು ಎಲ್ಲೋ ಹಿಮ ಬೀಳುವ ಕಡೆ ಇದ್ದಾಳೆ, ವಾರಕ್ಕೊಮ್ಮೆ ಫೋನು ಮಾಡುತ್ತಾಳೆ ಎಂದು ನನಗೆ ವರದಿ ಒಪ್ಪಿಸಿ, ಕಟ್ಟೆಯ ಮೇಲೆ ಉಳಿದ ನಾಲ್ವರ ಸಾಲಿಗೇ ಕೂತರು. ಶರಣಪ್ಪ ಎದುರಿಗೆ ಕೈಕಟ್ಟಿ ನಿಂತಿದ್ದ. ಯಲ್ಲಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬಂದು ಎಷ್ಟು ವರ್ಷವಾಯಿತು ಎಂದು ಕೇಳಿದರು. ಆರು ವರ್ಷ ಆತ್ರೀ ಅಜ್ಜಾರ ಎಂದ ಶರಣಪ್ಪ.

ಯಲ್ಲಪ್ಪ ನನ್ನ ಕಡೆ ತಿರುಗಿದರು. ಮುಖದಲ್ಲಿ ಏಳು ತಲೆಮಾರಿನ ಗೌಡಿಕೆಯ ಗತ್ತು.

“ಆರೇ ವರ್ಸ ಕಣವ್ವ. ಇವನ ಮಾತೂ ನಮ್ಗೆ ಸರ್ಯಾಗಿ ಅರ್ತಾಗಕಿಲ್ಲ. ಒರಗ್ನಿಂದ ಬಂದೋರ್ನ ಇಂಗೆ ಏಕ್ದಂ ನಮ್ಮೂರೋರು ಅಂತ ಬರ್ದ್ಬುಟ್ರೆ ಎಂಗೆ?”

ನನಗೆ ನಗುವೂ ಬಂತು, ಸಿಟ್ಟೂ ಬಂತು. ಯಲ್ಲಪ್ಪನವರೇ, ನಿಮ್ಮ ಕಾಗದದ ಮೇಲೆ ಹನ್ನೊಂದು ಜನ ಸಹಿ ಹಾಕಿದ್ದು ಮರೆತುಹೋಯಿತಾ ಎಂದು ಕೇಳಿದೆ. ಯಲ್ಲಪ್ಪ ತಮ್ಮ ಕೈಗಳನ್ನೇ ನೋಡಿಕೊಂಡರು. ಆಮೇಲೆ ಶಾಯಿಯ ಡಬ್ಬಿಯನ್ನು ಹತ್ತಿರ ಎಳೆದುಕೊಂಡು ಹೆಬ್ಬೆಟ್ಟನ್ನು ಬಲವಾಗಿ ಒತ್ತಿದರು. ಗೆರೆಯೊಂದೂ ಇಲ್ಲದ ಗುಂಡನೆಯ ಕಪ್ಪು ಗುರುತು ಬಿತ್ತು. ಒತ್ತಿಯಾದ ಮೇಲೆ ಶರಣಪ್ಪನಿಗೆ ಹೇಳಿದರು, “ಯಾಕ್ಲಾ ನಿಂತಿದ್ದೀಯ? ಕೂತ್ಕೋ ಬಾ.” ತಾವು ಕೂತಿದ್ದ ಕಡೆಯಿಂದ ಒಂದು ಗೇಣು ಸರಿದು ಜಾಗ ಮಾಡಿದರು.